ನೆಲಮಾಳಿಗೆಯ ಮೇಲಿನ ಪ್ರಾರ್ಥನೆ

ಘಾನಾಕ್ಕೆ ಹೋಗುವ ಕ್ರೈಸ್ತ ಸೇವಾತಂಡಗಳು ಶಾಲೆಗೆ ಬಣ್ಣ ಬಳಿದು, ಆರೋಗ್ಯ ಶಿಬಿರ ನಡೆಸಿ, ಭಾನುವಾರದ ಆರಾಧನೆಯಲ್ಲಿ ಹಾಡಿದ ಮೇಲೆ, ಊರಿಗೆ ಮರಳುವ ಮುನ್ನ ಕೇಪ್ ಕೋಸ್ಟ್ ಕೋಟೆಗೂ ಹೋಗಿಬರುವುದುಂಟು. ಸ್ವೀಡನ್ನಿನವರು 1653ರಲ್ಲಿ ಕಟ್ಟಲು ತೊಡಗಿದ ಈ ಕೋಟೆ ಮುಂದೆ ಇಂಗ್ಲಿಷರ ಪಾಲಾಯಿತು. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸುವವರೆಗೂ ಆಫ್ರಿಕನ್ನರನ್ನು ಇಲ್ಲಿ ಕೂಡಿಹಾಕಿ ಹಡಗು ಹತ್ತಿಸಲಾಗುತ್ತಿತ್ತು.

ಗಂಡಸರ ನೆಲಮಾಳಿಗೆಗೆ ಇಳಿಜಾರಿನ ದಾರಿ. ಎತ್ತರದಲ್ಲೊಂದು ಪುಟ್ಟ ಕಿಂಡಿ. ಬೆಳಕೂ ಗಾಳಿಯೂ ಅಲ್ಲಿಂದಲೇ. ಹಡಗು ಬರುವತನಕ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಜನ ಅದೇ ನೆಲದ ಮೇಲೆ ಉಂಡು, ಮಲಗಿ, ಮಲಮೂತ್ರ ಮಾಡಿ, ಸತ್ತರು. ಅದರ ಮೇಲಂತಸ್ತಿನಲ್ಲಿ ಆಂಗ್ಲಿಕನ್ ಪ್ರಾರ್ಥನೆ ನಡೆಯುತ್ತಿತ್ತು.

ಇದನ್ನು ಕೇಳಿದವರು ವ್ಯಾಪಾರಿಗಳ ಕಪಟಭಕ್ತಿಯನ್ನು ಹಳಿಯುತ್ತಾರೆ. ಆದರೆ ತಪ್ಪನ್ನು ವ್ಯಾಪಾರಿಗಳ ತಲೆಗಷ್ಟೇ ಕಟ್ಟಿದರೆ ಕ್ರೈಸ್ತ ಸಭೆ ಸುಲಭವಾಗಿ ಪಾರಾಗಿಬಿಡುತ್ತದೆ. ಕೋಟೆಯ ಅಂಗಳದಲ್ಲಿರುವ ಒಂದು ಸಮಾಧಿಯ ಮುಂದೆ ಸೇವಾತಂಡ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅದಕ್ಕಾಗಿ.

ಅದು ಫಿಲಿಪ್ ಕ್ವಾಕೆಯ ಸಮಾಧಿ. ಕೇಪ್ ಕೋಸ್ಟಿನಲ್ಲೇ ಹುಟ್ಟಿದ ಆತನನ್ನು 1754ರಲ್ಲಿ ಇನ್ನಿಬ್ಬರು ಹುಡುಗರ ಜೊತೆ ಓದಲೆಂದು ಲಂಡನ್ನಿಗೆ ಕಳಿಸಿದರು. ಆ ಇಬ್ಬರು ಮರಳಲಿಲ್ಲ. ಕ್ವಾಕೆಗೆ 1765ರಲ್ಲಿ ಗುರುದೀಕ್ಷೆಯಾಯಿತು. ಇಂಗ್ಲೆಂಡಿನ ಸಭೆಯಲ್ಲಿ ಆ ದೀಕ್ಷೆ ಪಡೆದ ಮೊದಲ ಆಫ್ರಿಕನ್ ಆತ. ಮರುವರ್ಷ ಇಂಗ್ಲಿಷ್ ಹೆಂಡತಿಯೊಂದಿಗೆ ಹುಟ್ಟೂರಿಗೆ ಬಂದ. ಆಕೆ ಕೆಲವೇ ತಿಂಗಳಲ್ಲಿ ತೀರಿಕೊಂಡಳು. 1816ರಲ್ಲಿ ಸಾಯುವವರೆಗೆ, 50 ವರ್ಷ, ಆತ ಕೋಟೆಯ ಪಾದ್ರಿ, ಮಕ್ಕಳಿಗೆ ಮೇಷ್ಟ್ರು. ಆರಾಧನೆಗೆ ಅಧಿಕಾರಿಗಳು ಬರುವುದಿಲ್ಲವೆಂದು ಲಂಡನ್ನಿಗೆ ಬರೆಯುತ್ತಿದ್ದ. ತನ್ನ ನಾಡಿನ ಜನರನ್ನು ಸಾಗಹಾಕುತ್ತಿದ್ದ ವ್ಯಾಪಾರಿ ಕಂಪನಿಯಿಂದಲೂ ಅವನಿಗೆ ಸಂಬಳವಿತ್ತು.

ಅವನನ್ನು ನೇಮಿಸಿ ಕಳಿಸಿದ ಸುವಾರ್ತಾ ಪ್ರಸಾರ ಸಂಘದ ಕೈಯಾದರೂ ಚೊಕ್ಕಟವಾಗಿತ್ತೇ? ಕ್ರಿಸ್ಟಫರ್ ಕಾಡ್ರಿಂಗ್ಟನ್ 1710ರಲ್ಲಿ ಸತ್ತಾಗ ಬಾರ್ಬಡೋಸಿನ ತನ್ನ ಕಬ್ಬಿನ ತೋಟಗಳನ್ನು ಗುಲಾಮರ ಸಮೇತ ಈ ಸಂಘಕ್ಕೆ ಉಯಿಲು ಬರೆದಿದ್ದ. ಸಂಘ ಅವರನ್ನು ಬಿಡಿಸಲಿಲ್ಲ, ದುಡಿಸಿತು. ಒಂದು ಕಾಲದಲ್ಲಿ ಅವರ ಎದೆಯ ಮೇಲೆ ಕಾದ ಕಬ್ಬಿಣದಿಂದ 'ಸೊಸೈಟಿ' ಎಂಬ ಬರೆ ಎಳೆಯಲಾಗುತ್ತಿತ್ತು. 1830ರ ದಶಕದಲ್ಲಿ ಗುಲಾಮಗಿರಿ ರದ್ದಾದಾಗ 411 ಜನರ ಲೆಕ್ಕದಲ್ಲಿ 8,800 ಪೌಂಡಿಗೂ ಹೆಚ್ಚು ಪರಿಹಾರ ಬಂತು. ಬಂದದ್ದು ಯಜಮಾನರಿಗೆ; ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ. ಆಫ್ರಿಕಾದಲ್ಲಿ ಆತ್ಮಗಳ ರಕ್ಷಣೆಗೆ ಪಾದ್ರಿಯನ್ನು ಕಳಿಸಿದ ಕೈಯೇ ಬಾರ್ಬಡೋಸಿನಲ್ಲಿ ಆಫ್ರಿಕನ್ನರ ಮೈಗೆ ಬರೆ ಹಾಕಿಸಿತ್ತು.

ಘಾನಾದ ಈ ಕರಾವಳಿಗೆ ಕನ್ನಡನಾಡಿನ ನಂಟೂ ಉಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅದಕ್ಕೂ ಆರು ವರ್ಷ ಮೊದಲೇ ಇಲ್ಲಿಗೆ ಬಂದಿತ್ತು. ಅದರ ಮೊದಲ ಮಿಷನರಿಗಳು ಇಳಿದದ್ದು ಅಕ್ರಾದ ಕ್ರಿಶ್ಚಿಯನ್ಸ್‌ಬೋರ್ಗ್‌ನಲ್ಲಿ. ಡೇನಿಷರು ಗುಲಾಮರನ್ನು ಮಾರಿದ ಕೋಟೆಯ ನೆರಳಲ್ಲಿ. ಮಂಗಳೂರಿನಲ್ಲಿ ಅದರ ಮಿಷನರಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಹೊರತಂದ 1843ರಲ್ಲೇ, ಅದೇ ಮಿಷನ್ನಿನ ಕರೆಗೆ ಓಗೊಟ್ಟು ಜಮೈಕಾ ಮತ್ತು ಆಂಟಿಗುವಾದ ಕಪ್ಪು ಕ್ರೈಸ್ತರು ಆಗ ಗೋಲ್ಡ್ ಕೋಸ್ಟ್ ಎನಿಸಿದ್ದ ಈ ನಾಡಿಗೆ ಬಂದರು. ಸೇವಾಯಾತ್ರೆ ಎಂದರೆ ಬಿಳಿಯರ ಪಯಣ ಎಂದುಕೊಂಡವರು ಇವರನ್ನು ನೆನೆಯಬೇಕು: ಹಿರಿಯರನ್ನು ಸಂಕೋಲೆಯಲ್ಲಿ ಒಯ್ದ ಕಡಲನ್ನೇ ದಾಟಿ ಬಂದು ಅಕ್ರೊಪಾಂಗಿನಲ್ಲಿ ನೆಲೆಸಿ ಸಭೆ ಕಟ್ಟಲು ನೆರವಾದವರು.

ಗುಲಾಮರ ವ್ಯಾಪಾರದಲ್ಲಿ ತನಗಿದ್ದ ಪಾಲಿಗಾಗಿ ಇಂಗ್ಲೆಂಡಿನ ಸಭೆ 2006ರಲ್ಲಿ ಕ್ಷಮೆ ಕೇಳಿತು. ಕ್ವಾಕೆಯನ್ನು ಕಳಿಸಿದ ಸಂಘದ ಇಂದಿನ ರೂಪವಾದ ಯುಎಸ್‌ಪಿಜಿ 2023ರಲ್ಲಿ, ಕಾಡ್ರಿಂಗ್ಟನ್ ತೋಟಗಳಲ್ಲಿ ದುಡಿದವರ ವಂಶಜರಿಗಾಗಿ 70 ಲಕ್ಷ ಪೌಂಡಿನ ಯೋಜನೆ ಪ್ರಕಟಿಸಿತು. ಕುಟುಂಬಗಳ ಮೂಲ ಹುಡುಕುವುದು, ಗುಲಾಮರನ್ನು ಹೂಳಿದ ಜಾಗಗಳನ್ನು ಗುರುತಿಸಿ ಸ್ಮಾರಕ ಮಾಡುವುದು ಅದರಲ್ಲಿ ಸೇರಿವೆ. ಕೇಪ್ ಕೋಸ್ಟಿಗೆ ಹೊರಡುವ ತಂಡ ಬೈಬಲ್ಲಿನ ಜೊತೆಗೆ ಆ ತೋಟಗಳ ಚರಿತ್ರೆಯನ್ನೂ ಓದಿಕೊಂಡು ಹೋಗಲಿ. ಶಾಲೆಗೆ ಬಣ್ಣ ಬಳಿಯುವ ಮೊದಲೇ ನೆಲಮಾಳಿಗೆಗೆ ಇಳಿಯಲಿ.