ಮೊದಲು ಹೇಳಿದವರಿಗೇ ಬಾಗಿಲು ಬಂದ್

ಪುಣೆ, ಹೈದರಾಬಾದ್, ಚೆನ್ನೈ ಎಲ್ಲಿಂದ ನೋಡ್ತಿದ್ರೂ ಒಂದು ದಿನಾಂಕ ನೆನಪು ಮಾಡ್ಕೊಳ್ಳಿ: 2021ರ ನವೆಂಬರ್ 24. ಅವತ್ತು ದಕ್ಷಿಣ ಆಫ್ರಿಕಾ ಕೊರೊನಾದ ಹೊಸ ರೂಪಾಂತರಿಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಎರಡೇ ದಿನದಲ್ಲಿ ಅದಕ್ಕೆ ಒಮಿಕ್ರಾನ್ ಅಂತ ಹೆಸರಾಯ್ತು. ಅಷ್ಟರಲ್ಲಿ ಬ್ರಿಟನ್ ಆ ಭಾಗದ ಆರು ದೇಶಗಳ ವಿಮಾನ ನಿಲ್ಲಿಸಿತ್ತು. ಅಮೆರಿಕ, ಯುರೋಪ್ ಕೂಡ ಬಾಗಿಲು ಹಾಕಿದವು.

ಡಿಸೆಂಬರ್ ಅಂದ್ರೆ ಅಲ್ಲಿ ಬೇಸಿಗೆ, ಕೇಪ್ ಟೌನ್‌ಗೆ ಪ್ರವಾಸಿಗರು ಬರೋ ಕಾಲ. ಒಂದೂವರೆ ವರ್ಷದಿಂದ ಸೊರಗಿದ್ದ ಹೋಟೆಲ್, ಟ್ಯಾಕ್ಸಿ, ಸಫಾರಿಯವರು ಕಾಯ್ತಿದ್ದ ಸೀಸನ್ ಅದು. ಬುಕಿಂಗ್‌ಗಳು ರದ್ದಾದವು.

ವೈರಸ್ ನಿಂತಿತಾ? ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಪ್ರಕರಣ ವರದಿಯಾಗಿದ್ದು ನಮ್ಮ ಬೆಂಗಳೂರಿಂದಲೇ. ಅವರಲ್ಲಿ ಒಬ್ಬರು ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಬ್ರಿಟನ್ ಅಂತೂ ಡಿಸೆಂಬರ್ 15ಕ್ಕೆ ತನ್ನ ಕೆಂಪು ಪಟ್ಟಿಯಲ್ಲಿದ್ದ 11 ದೇಶಗಳನ್ನೂ ತೆಗೆದುಹಾಕಿತು. ಸೋಂಕು ಆಗಲೇ ಅವರ ಮನೆಯೊಳಗೇ ಹರಡುತ್ತಿತ್ತು.

ನಿರ್ಬಂಧವೇ ಬೇಡ ಅಂತಲ್ಲ. ತಯಾರಿಗೆ ಕೆಲವು ದಿನ ಸಿಗಬಹುದು. ಆದರೆ ಯೋಚಿಸಿ: ಬಗ್ ಹುಡುಕಿದ ಟೆಸ್ಟರ್‌ಗೇ ರೇಟಿಂಗ್ ಇಳಿಸಿದ್ರೆ, ಮುಂದಿನ ರಿಲೀಸ್‌ನಲ್ಲಿ ಯಾರು ಬಾಯಿ ಬಿಡ್ತಾರೆ? ದೇಶಗಳೂ ಹಾಗೇ. ವಿಮಾನ ನಿಲ್ಲಿಸುವವರು, ಮೊದಲು ಹೇಳಿದವರ ನಷ್ಟದಲ್ಲೂ ಪಾಲು ಹೊರಬೇಕು. ಇಲ್ಲದಿದ್ದರೆ ಮುಂದಿನ ಸಲ ಸುದ್ದಿಗಿಂತ ಮೊದಲು ರೋಗವೇ ನಮ್ಮ ಏರ್‌ಪೋರ್ಟ್‌ನಲ್ಲಿ ಇಳಿದಿರುತ್ತೆ.