ಉಣ್ಣುವುದೂ ಎಣಿಸುವುದೂ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಹೇಳುತ್ತೇವೆ, ಕೇಳುತ್ತೇವೆ. ಅದರಲ್ಲಿ 'ಬಲ್ಲ' ಎಂಬ ಮಾತಿನ ಮೇಲೆ ಒತ್ತು ಕೊಟ್ಟು ಹೇಳುವವರು ಮಾತ್ರ ವಿರಳ. ಊಟ ಬಲ್ಲವನು ಏನನ್ನು ಬಲ್ಲ? ರುಚಿಯನ್ನೆ, ಹೊತ್ತನ್ನೆ, ಅಳತೆಯನ್ನೆ? ಅಳತೆಯೆಂದರೆ ಯಾವ ಅಳತೆ, ಸೇರಿನದೊ ಹೊಟ್ಟೆಯದೊ? ಈ ಪ್ರಶ್ನೆಗೆ ವಿಜ್ಞಾನ ಕೊಟ್ಟಿರುವ ಒಂದು ಉತ್ತರದ ಹೆಸರು ಕ್ಯಾಲೊರಿ. ಮೈ ಇಳಿಸಬೇಕೆಂದು ಹೊರಟವರ ನಾಲಗೆಯ ಮೇಲೆ ಈಗ ಅನ್ನಕ್ಕಿಂತ ಹೆಚ್ಚು ಹೊತ್ತು ಕುಳಿತಿರುವುದು ಈ ಪದವೇ. ಅದನ್ನು ಎಣಿಸುತ್ತಲೂ ಹೊಟ್ಟೆ ತುಂಬ ಉಣ್ಣುವುದು ಸಾಧ್ಯವೆ ಎಂಬ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಹೊಟ್ಟೆಯಲ್ಲಿ ಬೆಂಕಿಯಿದೆ ಎಂಬುದು ನಮ್ಮವರಿಗೆ ಹೊಸ ಮಾತಲ್ಲ. ಜಠರಾಗ್ನಿ ಎಂದು ಅದಕ್ಕೆ ಹೆಸರಿಟ್ಟವರು ನಾವು. ಆದರೆ ಆ ಬೆಂಕಿಯ ಕಾವನ್ನು ಅಳೆದು ನೋಡುವ ಸಾಹಸ ನಡೆದದ್ದು ಫ್ರಾನ್ಸಿನಲ್ಲಿ. 1782–83ರ ಚಳಿಗಾಲದಲ್ಲಿ ಲಾವಾಸಿಯೆ ಮತ್ತು ಲಾಪ್ಲಾಸ್ ಎಂಬ ಇಬ್ಬರು ವಿದ್ವಾಂಸರು ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಕೂರಿಸಿ, ಅದರ ಮೈಶಾಖಕ್ಕೆ ಕರಗಿದ ನೀರನ್ನು ತೂಗಿದರು. ಉಸಿರಾಟವೂ ಒಂದು ಬಗೆಯ ನಿಧಾನವಾದ ಉರಿಯುವಿಕೆಯೇ ಎಂಬುದು ಹೀಗೆ ತಿಳಿದುಬಂತು. ಮುಂದೆ, 1890ರ ದಶಕದಲ್ಲಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಆಟ್‌ವಾಟರ್ ಎಂಬಾತ ಒಬ್ಬ ಮನುಷ್ಯ ದಿನಗಟ್ಟಲೆ ಇದ್ದು, ಉಂಡು, ಮಲಗಿ ಏಳಬಹುದಾದಂಥ ಒಂದು ಕೋಣೆಯನ್ನೇ ಶಾಖಮಾಪಕವನ್ನಾಗಿ ಮಾಡಿದ. ಅವನ ಶ್ರಮದ ಫಲವಾಗಿ ನಮಗೆ ದೊರೆತದ್ದು ಮೂರು ಸಣ್ಣ ಅಂಕಿಗಳು: ಒಂದು ಗ್ರಾಂ ಪಿಷ್ಟದಿಂದ ಅಥವಾ ಸಕ್ಕರೆಯಿಂದ ದೇಹಕ್ಕೆ 4 ಕ್ಯಾಲೊರಿ, ಒಂದು ಗ್ರಾಂ ಸಸಾರಜನಕದಿಂದ 4, ಒಂದು ಗ್ರಾಂ ಕೊಬ್ಬಿನಿಂದ 9. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿಯಷ್ಟು ಬಿಸಿಮಾಡಲು ಬೇಕಾಗುವ ಶಾಖವೇ ಊಟದ ಕ್ಯಾಲೊರಿ. ಈ ನಾಲ್ಕು-ನಾಲ್ಕು-ಒಂಬತ್ತನ್ನು ಬಾಯಿಪಾಠ ಮಾಡಿಕೊಂಡವರಿಗೆ ಮಿಕ್ಕದ್ದೆಲ್ಲ ಕೂಡುವ ಕಳೆಯುವ ಲೆಕ್ಕ.

ನಮ್ಮ ದೇಶದ ಧಾನ್ಯ, ಸೊಪ್ಪು, ಕಾಯಿಪಲ್ಯಗಳ ಲೆಕ್ಕ ಸಿದ್ಧವಾದದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿಯ ಪ್ರಯೋಗಾಲಯದ ಆಯ್‌ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಸರಕಾರದ ಪುಸ್ತಿಕೆಯಾಗಿ ಹೊರತಂದರು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ. 1971ರಲ್ಲಿ ಗೋಪಾಲನ್ ಮತ್ತು ಸಂಗಡಿಗರು ಪಟ್ಟಿಯನ್ನು ವಿಸ್ತರಿಸಿದರು. 2017ರಲ್ಲಿ ಮತ್ತೆ ಹೊಸದಾಗಿ ಅಳೆದ ಪಟ್ಟಿ ಬಂತು. ಕಾವ್ಯ ಓದುವ ಚಾಳಿಯಿರುವ ನನಗೆ ಈ ಪಟ್ಟಿಗಳನ್ನು ಓದುವುದೂ ಒಂದು ಸುಖ. ಒಂದೆಲಗ, ಹೊನಗೊನೆ, ನುಗ್ಗೆ ಎಂದು ಹೆಸರು ಹೆಸರಾಗಿ ನಮ್ಮ ಹಿತ್ತಲೇ ಅಲ್ಲಿ ಸಾಲುಗಟ್ಟಿ ನಿಂತಿದೆ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮಲ್ಲಿ ಕ್ಯಾಲೊರಿಯನ್ನು ದೊಡ್ಡ ಪ್ರಮಾಣದಲ್ಲಿ ಎಣಿಸಿದ್ದು ಮೈ ಇಳಿಸುವವರಿಗಾಗಿ ಅಲ್ಲ, ಉಣ್ಣಲಿಲ್ಲದವರಿಗಾಗಿ. 1971ರಲ್ಲಿ ದಾಂಡೇಕರ್ ಮತ್ತು ರಥ್ ಎಂಬ ಅರ್ಥಶಾಸ್ತ್ರಜ್ಞರು ತಲೆಗೆ ದಿನಕ್ಕೆ 2250 ಕ್ಯಾಲೊರಿಯ ಊಟ ಕೊಳ್ಳಲಾರದವನನ್ನು ಬಡವನೆಂದು ಕರೆದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯತಂಡ ಹಳ್ಳಿಗೆ 2400, ಪಟ್ಟಣಕ್ಕೆ 2100 ಎಂದು ಗೆರೆ ಎಳೆಯಿತು. ಬಡತನದ ರೇಖೆಯೆಂದು ನಾವು ಪತ್ರಿಕೆಗಳಲ್ಲಿ ಓದಿದ್ದು ಈ ಗೆರೆಯನ್ನೇ. ಗೆರೆಯ ಕೆಳಗಿನವನಿಗೆ ಎಷ್ಟು ಸಾಲದು ಎಂದು ಹೇಳುವ ಅಂಕಿಯೇ ಮೇಲಿನವನಿಗೆ ಎಷ್ಟು ಸಾಕು ಎಂದೂ ಹೇಳುತ್ತದೆ. ಹೀಗಿರುವಾಗ ಹೆಚ್ಚಾದ ಊಟದ ಕಷ್ಟವನ್ನು ಕುರಿತು ಮಾತಾಡಲು ಸಂಕೋಚವಾಗುವುದು ಸಹಜ. ಆದರೆ ಆ ಕಷ್ಟ ಇಂದು ಸಿರಿವಂತರ ಸೊತ್ತಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಹತ್ತು ಕೋಟಿಗೂ ಮೇಲೆಂದು ಅಂದಾಜು ಮಾಡಿತು. ಇವರಲ್ಲಿ ಬಹಳ ಮಂದಿಗೆ ವೈದ್ಯರು ಹೇಳುವ ಮೊದಲ ಮಾತು, ಸ್ವಲ್ಪ ಮೈ ಇಳಿಸಿ ಎಂದು.

ನನ್ನ ಅಕ್ಕನಿಗೂ ಹಾಗೆಯೇ ಹೇಳಿದರು. ಎಪ್ಪತ್ತನಾಲ್ಕು ಕಿಲೋ ಇದ್ದ ಆಕೆ ಎಂಟು ಕಿಲೋ ಇಳಿಯಬೇಕಾಗಿತ್ತು. ಅಕ್ಕನಿಗೆ ತಿಳಿದಿದ್ದ ದಾರಿ ಒಂದೇ: ಏಕಾದಶಿ. ರಾತ್ರಿಯ ಊಟ ಬಿಟ್ಟಳು, ಬೆಳಗಿನ ಮೂರು ದೋಸೆ ಒಂದಾಯಿತು. ಸಂಜೆ ನಾಲ್ಕರ ಹೊತ್ತಿಗೆ ಕಣ್ಣು ಕತ್ತಲೆ ಬಂದು ಡಬ್ಬಿಯ ಕೋಡುಬಳೆಗೆ ಕೈ ಹೋಗುತ್ತಿತ್ತು. ಒಂದು ದಿನ ಮಾತ್ರೆ ನುಂಗಿ ಊಟ ಮಾಡದೆ ಕುಳಿತವಳು ಬೆವರಿ ಒರಗಿಬಿಟ್ಟಳು. ಮನೆಯವರು ಸಕ್ಕರೆ ನೀರು ಕುಡಿಸಿ ಎಚ್ಚರಿಸಬೇಕಾಯಿತು. ವೈದ್ಯರು ಗದರಿಸಿದರು: "ಇಳಿಸಿ ಎಂದೆ, ಉಪವಾಸ ಬೀಳಿ ಎನ್ನಲಿಲ್ಲವಲ್ಲ, ತಾಯಿ!" ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಯುವುದು ಪ್ರಾಣದೊಡನೆ ಆಟ. ಇದನ್ನು ದಯವಿಟ್ಟು ಗಮನಿಸಬೇಕು.

ಆಮೇಲೆ ಮಗಳು ಅಡಿಗೆಮನೆಗೊಂದು ತಕ್ಕಡಿ ತಂದುಕೊಟ್ಟಳು. ಅಕ್ಕ ಎರಡು ವಾರ ಊಟದಲ್ಲಿ ಏನನ್ನೂ ಬದಲಿಸದೆ ಬರಿದೆ ಬರೆದಳು. ಹಾಲಿನ ಲೆಕ್ಕ, ಅಗಸರ ಲೆಕ್ಕ ಬರೆದು ಪಳಗಿದ ಕೈಗೆ ಇದೇನು ಹೊರೆಯೆನಿಸಲಿಲ್ಲ. ಬರೆದ ಮೇಲೆ ತಿಳಿದದ್ದೇನೆಂದರೆ, ಎಲ್ಲರೂ ಬೆರಳು ತೋರಿಸುತ್ತಿದ್ದ ಅನ್ನ ಅಷ್ಟೇನೂ ದೊಡ್ಡ ಅಪರಾಧಿಯಲ್ಲ. ಮೂವರಿರುವ ಆ ಮನೆಗೆ ತಿಂಗಳಿಗೆ ನಾಲ್ಕು ಲೀಟರು ಎಣ್ಣೆ ಬರುತ್ತಿತ್ತು. ತಲೆಗೆ ದಿನಕ್ಕೆ ನಲವತ್ತು ಗ್ರಾಂ. ಒಂಬತ್ತರಿಂದ ಗುಣಿಸಿದರೆ 360 ಕ್ಯಾಲೊರಿ. ನೂರು ಗ್ರಾಂ ಅಕ್ಕಿಯ ಅನ್ನ, ಅಂದರೆ ಒಂದು ಹೊತ್ತಿನ ತುಂಬು ಊಟದ ಅನ್ನ, ಇದಕ್ಕಿಂತ ಹೆಚ್ಚಿನದಲ್ಲ. ಇನ್ನೊಂದು ಸಾಲು ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಎಲ್ಲರದೂ ಆದಮೇಲೆ ಪಾತ್ರೆಯ ತಳದಲ್ಲಿ ಉಳಿದ ಎರಡು ಸೌಟು ಅನ್ನವನ್ನು, ಹಾಳಾಗಬಾರದೆಂದು, ಅಕ್ಕ ಮಜ್ಜಿಗೆಯಲ್ಲಿ ಕಲಸಿ ಉಣ್ಣುತ್ತಿದ್ದಳು. ದಿನಕ್ಕೆ ಹೆಚ್ಚುಕಡಮೆ ನೂರೈವತ್ತು ಕ್ಯಾಲೊರಿ. ಅದು ಹಸಿವಿನ ಊಟವಲ್ಲ, ಧರ್ಮದ ಊಟ. ಕಡೆಯಲ್ಲಿ ಉಣ್ಣುವ ಹೆಂಗಸರು ಕೆಲವು ಮನೆಗಳಲ್ಲಿ ಸೊರಗುತ್ತಾರೆ, ಕೆಲವು ಮನೆಗಳಲ್ಲಿ ಊದುತ್ತಾರೆ. ಎರಡಕ್ಕೂ ಕಾರಣ ಆ ಪಾತ್ರೆಯ ತಳವೇ.

ಇನ್ನು ಹೊಟ್ಟೆ ತುಂಬುವ ಮಾತು. ಪಟ್ಟಿಯನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ನೂರು ಗ್ರಾಂ ಎಣ್ಣೆಗೆ 900 ಕ್ಯಾಲೊರಿ, ಕಡಲೆಕಾಯಿ ಬೀಜಕ್ಕೆ 500ಕ್ಕೂ ಮೇಲೆ, ಹಸಿ ತೆಂಗಿನಕಾಯಿಗೆ 400ಕ್ಕೂ ಮೇಲೆ, ಅಕ್ಕಿ ರಾಗಿಗಳಿಗೆ 320ರಿಂದ 350ರ ಆಸುಪಾಸು. ಸೌತೆ, ಬೂದುಗುಂಬಳಗಳಿಗೊ ಇಪ್ಪತ್ತನ್ನೂ ಮುಟ್ಟದು. ನೂರು ಗ್ರಾಂ ಅಕ್ಕಿಯ ಕ್ಯಾಲೊರಿಯನ್ನು ಬೂದುಗುಂಬಳದಿಂದಲೇ ಪಡೆಯಬೇಕೆಂದು ಹೊರಟವನು ಎರಡು ಕಿಲೋಗಿಂತ ಹೆಚ್ಚು ತಿನ್ನಬೇಕು. ಬಕಾಸುರನೂ ನಡುವೆ ಎಲೆ ಬಿಟ್ಟು ಏಳುತ್ತಾನೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದ ಬಾರ್ಬರಾ ರೋಲ್ಸ್ ಎಂಬ ವಿದುಷಿ ಬಹುಕಾಲ ಅಧ್ಯಯನ ಮಾಡಿರುವುದು ಇದನ್ನೇ. ಹೊಟ್ಟೆಗೆ ಕ್ಯಾಲೊರಿ ಓದಲು ಬಾರದು. ಅದು ಬಹಳಮಟ್ಟಿಗೆ ತೂಕವನ್ನೂ ಗಾತ್ರವನ್ನೂ ನೋಡಿ ಸಾಕೆನ್ನುತ್ತದೆ. 1999ರಲ್ಲಿ ಅವರು ನಡೆಸಿದ ಒಂದು ಪ್ರಯೋಗ ನಮಗೆ ತುಂಬ ಹತ್ತಿರದ್ದು. ಒಂದೇ ಅಡಿಗೆಯನ್ನು ಒಂದು ದಿನ ಗಟ್ಟಿಯಾಗಿ, ಇನ್ನೊಂದು ದಿನ ಅದೇ ಗಟ್ಟಿಯಡಿಗೆಯ ಪಕ್ಕದಲ್ಲಿ ಲೋಟ ನೀರಿಟ್ಟು, ಮತ್ತೊಂದು ದಿನ ಆ ನೀರನ್ನು ಅಡಿಗೆಗೇ ಸೇರಿಸಿ ತೆಳುವಾಗಿ ಕೊಟ್ಟರು. ಪಕ್ಕದಲ್ಲಿ ಕುಡಿದ ನೀರು ಹಸಿವನ್ನು ತಗ್ಗಿಸಲಿಲ್ಲ. ಅಡಿಗೆಯೊಳಗೆ ಬೆಂದ ನೀರು ತಗ್ಗಿಸಿತು. ಅವರು ಅದನ್ನು ಸೂಪ್ ಎಂದರು. ನಾವು ಸಾರು ಎನ್ನುತ್ತೇವೆ.

ಹಾಗೆ ನೋಡಿದರೆ ಮಂಡ್ಯ, ಹಾಸನದ ಕಡೆಯ ಬಸ್ಸಾರಿಗೆ ಸಮನಾದ ಉಪಾಯ ಇನ್ನೊಂದಿಲ್ಲ. ಸೊಪ್ಪನ್ನೂ ಕಾಳನ್ನೂ ಒಟ್ಟಿಗೆ ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಉಳಿದದ್ದನ್ನು ಪಲ್ಯ ಮಾಡುತ್ತಾರೆ. ಒಂದು ಪಾತ್ರೆಯಿಂದ ಎರಡು ಅಡಿಗೆ, ಎಣ್ಣೆ ಒಗ್ಗರಣೆಗಷ್ಟೆ. ನೂರು ಗ್ರಾಂ ಹಿಟ್ಟು ನೀರು ಕುಡಿದು ಮುನ್ನೂರು ಗ್ರಾಂ ತೂಗುವ ಮುದ್ದೆಯಾಗುತ್ತದೆ. ಧಾರವಾಡ, ವಿಜಯಪುರಗಳ ಕಡೆ ರೊಟ್ಟಿಯ ಜೊತೆ ಹಸಿ ಮೆಂತ್ಯೆ ಸೊಪ್ಪು, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ಬಡಿಸುತ್ತಾರೆ. ಅಲ್ಲಿ ಎಚ್ಚರವಿರಬೇಕಾದದ್ದು ಶೇಂಗಾ ಹಿಂಡಿಯ ನಡುವೆ ಗುಳಿ ಮಾಡಿ ಸುರಿಯುವ ಎಣ್ಣೆಯ ವಿಷಯದಲ್ಲಿ. ಕರಾವಳಿಯವರನ್ನು ನೋಯಿಸಲು ನನಗೆ ಇಷ್ಟವಿಲ್ಲ; ಆದರೆ ಅವರ ಅಡಿಗೆಯಲ್ಲಿ ತರಕಾರಿ ಎಷ್ಟೇ ಇರಲಿ, ಕಾಯಿ ತುರಿಯುವವರ ಕೈಯಲ್ಲಿ ಲೆಕ್ಕವಿದೆ. ಕೋಸಂಬರಿಯನ್ನೇ ತೆಗೆದುಕೊಳ್ಳಿ. ಒಂದು ಹಿಡಿ ಹೆಸರುಬೇಳೆ, ಒಂದು ದೊಡ್ಡ ಸೌತೆಕಾಯಿ, ಒಂದು ಚಮಚ ತುರಿ, ಚಿಕ್ಕ ಚಮಚದ ಒಗ್ಗರಣೆ: ಬಟ್ಟಲು ತುಂಬ ಆಯಿತು, 200 ಕ್ಯಾಲೊರಿ. ಐವತ್ತು ಗ್ರಾಂ ಖಾರದ ಮಿಕ್ಸ್‌ಚರು ಅಂಗೈಯಲ್ಲಿ ಅಡಗುತ್ತದೆ. ಅದು 250ನ್ನು ಮೀರುತ್ತದೆ. ರಾಮನವಮಿಯ ದಿನ ಮಾತ್ರ ಕೋಸಂಬರಿ ನೆನಪಾಗುವುದು ನಮ್ಮ ದುರದೃಷ್ಟ.

ಈ ವಿಚಾರ ಹಳಬರಿಗೆ ಹೊಳೆದಿರಲಿಲ್ಲವೆ? ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲರ ವಿಚಾರ ಬರುತ್ತದೆ. ಅವರ ಮೈ ಇಳಿಸಲು ಗುರುವೂ ಅಪತರ್ಪಣವೂ ಆದ ಆಹಾರ ಹಿತವೆಂದು ಅಲ್ಲಿ ಹೇಳಿದೆ. ಎಂದರೆ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಮೈಗೆ ಕಡಮೆ ಹತ್ತಬೇಕು. ಯವ, ಸಾಮೆ, ನವಣೆ, ಹಾರಕ, ಹೆಸರು, ಹುರುಳಿ ಮೊದಲಾದುವನ್ನು ಹೆಸರಿಸಿದೆ. ನನಗೆ ಇದಕ್ಕಿಂತ ಹಿರಿದಾಗಿ ಕಂಡದ್ದು ಇನ್ನೊಂದು ಮಾತು. ಸ್ಥೂಲನಾದವನ ಕೋಷ್ಠದಲ್ಲಿ ವಾಯು ಸಿಕ್ಕಿಕೊಂಡು ಅಗ್ನಿಯನ್ನು ಊದುವುದರಿಂದ ಅವನಿಗೆ ಹಸಿವು ಹೆಚ್ಚು, ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಬೇಕೆನಿಸುತ್ತದೆ ಎಂಬ ವಿವರಣೆ. ವಾಯುವಿನ ಶಾಸ್ತ್ರವನ್ನು ಒಪ್ಪುವುದು ಬಿಡುವುದು ಬೇರೆ. ದಪ್ಪಗಿರುವವನನ್ನು ಹೊಟ್ಟೆಬಾಕನೆಂದು ಹಳಿಯದೆ, ಅವನ ಹಸಿವು ನಿಜವಾದದ್ದು ಎಂದು ಮೊದಲು ಒಪ್ಪಿಕೊಂಡ ಆ ವೈದ್ಯನ ದಾಕ್ಷಿಣ್ಯ ಇಂದಿನ ಎಷ್ಟೋ ಹಿತೋಪದೇಶಕರಲ್ಲಿ ಇಲ್ಲ.

ಲೆಕ್ಕವನ್ನು ದೇವರಾಗಿ ಮಾಡಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಆಟ್‌ವಾಟರನ ಅಂಕಿಗಳು ಸರಾಸರಿಯವು. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಬಾದಾಮಿಯನ್ನು ಪರೀಕ್ಷಿಸಿ, ದೇಹಕ್ಕೆ ದಕ್ಕುವುದು ಪಟ್ಟಿಯ ಲೆಕ್ಕಕ್ಕಿಂತ ಸುಮಾರು ಕಾಲು ಪಾಲು ಕಡಮೆಯೆಂದು ಕಂಡುಕೊಂಡರು. ಅಗಿದರೂ ಒಡೆಯದ ಕಣಗಳೊಳಗಿನ ಕೊಬ್ಬು ಹಾಗೆಯೇ ಹೊರಟುಹೋಗುತ್ತದೆ. ಲೆಕ್ಕ ಒಂದೇ ಆದರೂ ಊಟ ಒಂದೇ ಅಲ್ಲ ಎಂಬುದಕ್ಕೆ 2019ರಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು ತೋರಿಸಿದ ಸಾಕ್ಷ್ಯ ಇನ್ನೂ ಬಲವಾದದ್ದು. ಇಪ್ಪತ್ತು ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧಾಹಾರ, ಎರಡು ವಾರ ಮನೆಯಡಿಗೆಯಂಥ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿರೆಂದರು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲಿಯೂ ಸಮನಾಗಿದ್ದುವು. ಆದರೂ ಸಿದ್ಧಾಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಸುಮಾರು ಒಂದು ಕಿಲೋ ಏರಿದರು. ಇನ್ನೊಂದರಲ್ಲಿ ಹೆಚ್ಚುಕಡಮೆ ಅಷ್ಟೇ ಇಳಿದರು. ಆದುದರಿಂದ ಪೊಟ್ಟಣದ ಮೇಲಿನ ಅಂಕಿಯನ್ನು ನಂಬಿ ಬಿಸ್ಕತ್ತಿನಲ್ಲಿಯೇ ದಿನ ತಳ್ಳುವ ಲೆಕ್ಕಿಗನಿಗೆ ಲೆಕ್ಕ ಸರಿಹೋದೀತು, ಹಸಿವು ಸರಿಹೋಗದು. ಬೆಳೆಯುವ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಈ ಪುಸ್ತಕವನ್ನು ತೆರೆಯಲೇಬಾರದು. ಅಂಕಿಯನ್ನು ಕಂಡರೆ ಊಟಕ್ಕೇ ಅಂಜುವ ಹುಡುಗಿಯರಿದ್ದಾರೆ. ಅವರ ಕೈಯಿಂದ ಪುಸ್ತಕವನ್ನೂ ತಕ್ಕಡಿಯನ್ನೂ ತೆಗೆದಿಡಬೇಕು.

ಅಕ್ಕನ ಊಟ ಈಗ ನೋಡುವವರ ಕಣ್ಣಿಗೆ ಮೊದಲಿಗಿಂತ ದೊಡ್ಡದು. ಮೊದಲು ಬಟ್ಟಲು ಕೋಸಂಬರಿಯೊ ಪಚಡಿಯೊ, ಆಮೇಲೆ ಅನ್ನದ ಎರಡರಷ್ಟು ಪಲ್ಯ, ಅನ್ನಕ್ಕೂ ಮುದ್ದೆಗೂ ಧಾರಾಳವಾಗಿ ಸಾರು, ನೀರು ಮಜ್ಜಿಗೆ. ದಿನಕ್ಕೆ ತರಕಾರಿ ಸೊಪ್ಪುಗಳೇ 400 ಗ್ರಾಂ ಇರಬೇಕೆಂದು 2024ರಲ್ಲಿ ಹೈದರಾಬಾದಿನ ಸಂಸ್ಥೆ ಹೇಳಿದೆ. ಆಕೆಯ ತಟ್ಟೆಯಲ್ಲಿ ಅದಕ್ಕೂ ಹೆಚ್ಚು. ರಾತ್ರಿ ಅಕ್ಕಿ ಅಳೆಯುವಾಗಲೇ ಅರ್ಧ ಪಾವು ಕಡಮೆ ಅಳೆಯುವುದರಿಂದ ತಳದ ಅನ್ನದ ಧರ್ಮಸಂಕಟ ಇಲ್ಲವಾಯಿತು. ವರ್ಷಕ್ಕೆ ಆರು ಕಿಲೋ ಇಳಿದಳು, ಎಂಟಲ್ಲ. ಮೊದಲ ಮೂರು ತಿಂಗಳಲ್ಲಿ ನಾಲ್ಕು ಇಳಿದು, ಆಮೇಲೆ ತಡೆದು ನಿಂತಿತು. ಹಗುರವಾದ ಮೈಗೆ ಬೇಕಾಗುವ ಕ್ಯಾಲೊರಿಯೂ ಕಡಮೆಯೇ. ಅದು ಎಲ್ಲರಿಗೂ ಆಗುವಂಥದು. ವೈದ್ಯರು ಒಂದು ಮಾತ್ರೆಯನ್ನು ಅರ್ಧ ಮಾಡಿದ್ದಾರೆ. ದಿನದಿನದ ಲೆಕ್ಕ ಬರೆಯುವುದನ್ನು ಆಕೆ ಬಿಟ್ಟಿದ್ದಾಳೆ. ಕಣ್ಣಿಗೆ ಅಂದಾಜು ಹತ್ತಿದೆಯಂತೆ. ಎಣ್ಣೆಯ ಲೆಕ್ಕ ಒಂದನ್ನು ಮಾತ್ರ ಇಟ್ಟುಕೊಂಡಿದ್ದಾಳೆ. ನಾಲ್ಕು ಲೀಟರು ಈಗ ಎರಡೂವರೆಗೆ ಬಂದಿದೆ. ಹಬ್ಬದ ತಿಂಗಳಲ್ಲಿ ಮೂರಾಗುತ್ತದೆ, ಅದನ್ನೂ ಬರೆಯುತ್ತಾಳೆ.