ಹರಳೆಣ್ಣೆ: ಹೊರಗೆ ಹಿತ, ಒಳಗೆ ಎಚ್ಚರ



ಯುಗಾದಿ ಮತ್ತು ದೀಪಾವಳಿಯ ಎಣ್ಣೆಸ್ನಾನದ ದಿನ ಹಿರಿಯರು ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಹರಳೆಣ್ಣೆ ತಟ್ಟುವುದು ಕನ್ನಡ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಹಳೆಯ ಮೈಸೂರಿನ ಕಡೆ ಇದನ್ನು ಹರಳೆಣ್ಣೆ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದು ಔಡಲೆಣ್ಣೆ. ಆಯುರ್ವೇದದ ಗ್ರಂಥಗಳಲ್ಲಿ ಏರಂಡ ತೈಲ. ಹೆಸರು ಬೇರೆಯಾದರೂ ವಸ್ತು ಒಂದೇ.

ಉದ್ಯೋಗನಿಮಿತ್ತ ಊರು ಬಿಟ್ಟ ಕುಟುಂಬಗಳೊಡನೆ ಈ ಪದ್ಧತಿಯೂ ಪ್ರಯಾಣ ಮಾಡುತ್ತದೆ. ಚೆನ್ನೈ ನಗರದ ಪಶ್ಚಿಮ ಭಾಗದಲ್ಲಿರುವ ಪೋರೂರಿನಂತಹ ಬಡಾವಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗಳಿಗೆ ಹೆರಿಗೆಯಾದರೆ, ಬಾಣಂತನಕ್ಕೆಂದು ಊರಿನಿಂದ ಬರುವ ಅಜ್ಜಿಯ ಕೈಚೀಲದಲ್ಲಿ ಹರಳೆಣ್ಣೆಯ ಸೀಸೆ ಇದ್ದೇ ಇರುತ್ತದೆ. ಅದು ಮುಗಿದಾಗ ಅಂಗಡಿಗೆ ಹೋಗಬೇಕು. ಅಲ್ಲಿ ಕೇಳಬೇಕಾದ ಹೆಸರು ಬೇರೆ. ತಮಿಳಿನಲ್ಲಿ ಹರಳಿಗೆ ಆಮಣಕ್ಕು ಎಂದೂ ಅದರ ಎಣ್ಣೆಗೆ ವಿಳಕ್ಕೆಣ್ಣೈ, ಅಂದರೆ ದೀಪದ ಎಣ್ಣೆ ಎಂದೂ ಹೆಸರು. ಹಿಂದೆ ಮನೆಮನೆಯಲ್ಲಿ ಹರಳೆಣ್ಣೆಯ ದೀಪ ಉರಿಯುತ್ತಿದ್ದುದೇ ಇದಕ್ಕೆ ಕಾರಣ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದೇವರ ದೀಪಕ್ಕೆಂದೇ ಮಾರುವ 'ದೀಪಂ' ಎಣ್ಣೆಗಳು ಅದೇ ಅಂಗಡಿಯ ಅದೇ ಕಪಾಟಿನಲ್ಲಿರುತ್ತವೆ. ಇವು ಹಲವು ಎಣ್ಣೆಗಳ ಮಿಶ್ರಣ. ದೀಪ ಹಚ್ಚಲು ಮಾತ್ರ ಯೋಗ್ಯವಾದವು. ಮೈಗೆ ಹಚ್ಚಲು ಕೊಳ್ಳುವವರು ಸೀಸೆಯ ಮೇಲಿನ ಬರಹವನ್ನು ಓದಿ, ಇದು ಶುದ್ಧ ಹರಳೆಣ್ಣೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಹರಳೆಣ್ಣೆಯ ಸ್ವಭಾವವನ್ನು ಅರಿತರೆ ಅದರ ಉಪಯೋಗ ಮತ್ತು ಅಪಾಯ ಎರಡೂ ಸ್ಪಷ್ಟವಾಗುತ್ತವೆ. ಹರಳು ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಈ ಎಣ್ಣೆಯ ಕೊಬ್ಬಿನಾಮ್ಲಗಳ ಪೈಕಿ ಶೇಕಡ 85ರಿಂದ 90 ಭಾಗ ರಿಸಿನೋಲಿಕ್ ಆಮ್ಲ. ಬೇರೆ ಯಾವ ಅಡಿಗೆ ಎಣ್ಣೆಯಲ್ಲೂ ಇದು ಈ ಪ್ರಮಾಣದಲ್ಲಿಲ್ಲ. ಹರಳೆಣ್ಣೆಯ ವಿಶಿಷ್ಟ ಮಂದತೆಗೂ ಅಂಟಿಗೂ ಇದೇ ಕಾರಣ. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಎಂಜಿನ್ನುಗಳಿಗೆ ಕೀಲೆಣ್ಣೆಯಾಗಿ ಹರಳೆಣ್ಣೆ ಬಳಕೆಯಾದದ್ದೂ ಈ ಗುಣದಿಂದಲೇ. ಇಂದು ಜಗತ್ತಿನಲ್ಲಿ ಅತ್ಯಧಿಕ ಹರಳನ್ನು ಬೆಳೆಯುವ ದೇಶ ಭಾರತ. ರಾಜ್ಯಗಳಲ್ಲಿ ಗುಜರಾತಿಗೆ ಮೊದಲ ಸ್ಥಾನ.

ಮೊದಲಿಗೆ ಹೊರಗಿನ ಬಳಕೆಯನ್ನು ನೋಡೋಣ. ಚರ್ಮದ ಮೇಲೆ ಹರಳೆಣ್ಣೆ ಒಂದು ತೆಳು ಪದರವಾಗಿ ನಿಂತು ಒಳಗಿನ ತೇವಾಂಶ ಆರಿಹೋಗದಂತೆ ತಡೆಯುತ್ತದೆ. ಚಳಿಗಾಲದಲ್ಲಿ ಒಡೆಯುವ ತುಟಿ, ಬಿರುಕು ಬಿಟ್ಟ ಹಿಮ್ಮಡಿ, ಒರಟಾದ ಮೊಣಕೈಗಳಿಗೆ ಹಿರಿಯರು ಇದನ್ನು ಹಚ್ಚುತ್ತಿದ್ದುದು ಯುಕ್ತವೇ. ರಾತ್ರಿ ಕಾಲನ್ನು ತೊಳೆದು ಒರೆಸಿ, ಹಿಮ್ಮಡಿಗೆ ಕೆಲವು ಹನಿ ಸವರಿ, ಹಳೆಯ ಹತ್ತಿಯ ಕಾಲುಚೀಲ ಧರಿಸಿ ಮಲಗಿದರೆ ಸಾಕು. ಎಣ್ಣೆ ನೆಲಕ್ಕೆ ಬಿದ್ದರೆ ಜಾರುವ ಭಯವಿರುವುದರಿಂದ ವೃದ್ಧರಿರುವ ಮನೆಗಳಲ್ಲಿ ಕಾಲುಚೀಲವನ್ನು ಮರೆಯಬಾರದು. ರಕ್ತ ಒಸರುವ ಬಿರುಕಿಗೆ, ಕೀವಾದ ಗಾಯಕ್ಕೆ, ಸಕ್ಕರೆ ಕಾಯಿಲೆಯುಳ್ಳವರ ಕಾಲಿನ ಹುಣ್ಣಿಗೆ ಇದು ಔಷಧವಲ್ಲ. ಅಂತಹವರು ವೈದ್ಯರಲ್ಲಿಗೇ ಹೋಗಬೇಕು. ಕೆಲವರಿಗೆ ಹರಳೆಣ್ಣೆ ಒಗ್ಗದೆ ತುರಿಕೆ, ಕೆಂಪು ಗಂದೆ ಏಳುವುದುಂಟು. ಮೊದಲ ಬಾರಿ ಬಳಸುವವರು ಮೊಣಕೈಯ ಒಳಮಗ್ಗುಲಿಗೆ ಒಂದು ಹನಿ ಹಚ್ಚಿ ಒಂದು ದಿನ ಕಾದು ನೋಡುವುದು ಕ್ಷೇಮ.

ಕೂದಲಿನ ವಿಷಯದಲ್ಲಿ ನಂಬಿಕೆ ಹೆಚ್ಚು, ಆಧಾರ ಕಡಿಮೆ. ಹರಳೆಣ್ಣೆಯಿಂದ ಕೂದಲು ನುಣುಪಾಗುತ್ತದೆ, ಹೊಳಪು ಬರುತ್ತದೆ. ಆದರೆ ಉದುರಿದ ಕೂದಲು ಮತ್ತೆ ಹುಟ್ಟುತ್ತದೆ ಎಂಬುದಕ್ಕೆ ದೃಢವಾದ ವೈದ್ಯಕೀಯ ಪುರಾವೆ ಇಲ್ಲ. ಎಣ್ಣೆಯ ಅಂಟಿನಿಂದ ಅಪರೂಪಕ್ಕೆ ತೊಂದರೆಯೂ ಆಗುತ್ತದೆ. ಹರಳೆಣ್ಣೆಯ ಬಳಕೆಯ ನಂತರ 20 ವರ್ಷದ ಯುವತಿಯೊಬ್ಬಳ ಕೂದಲು ಹಕ್ಕಿಯ ಗೂಡಿನಂತೆ ಹೆಣೆದುಕೊಂಡು ಕಲ್ಲಿನಂತೆ ಗಟ್ಟಿಯಾದ ಪ್ರಕರಣವನ್ನು ಭಾರತದ ಚರ್ಮವೈದ್ಯರು 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದ್ದಾರೆ. ಹಾಗೆ ಗಂಟಾದ ಕೂದಲನ್ನು ಸಾಮಾನ್ಯವಾಗಿ ಬಿಡಿಸಲಾಗದು. ಕತ್ತರಿಸುವುದೊಂದೇ ದಾರಿ. ಆದುದರಿಂದ ಉದ್ದ ಕೂದಲಿನವರು ಹರಳೆಣ್ಣೆಯನ್ನು ಸ್ವಲ್ಪವೇ ತೆಗೆದುಕೊಂಡು, ಹೆಚ್ಚು ಪಾಲು ಕೊಬ್ಬರಿ ಎಣ್ಣೆ ಬೆರೆಸಿ, ಸಿಕ್ಕು ಬಿಡಿಸಿದ ಕೂದಲಿಗೇ ಹಚ್ಚಬೇಕು. ತೊಳೆಯುವಾಗ ಕೂದಲನ್ನು ನೆತ್ತಿಯ ಮೇಲೆ ಗುಪ್ಪೆಮಾಡಿ ಉಜ್ಜದೆ, ಇಳಿಬಿಟ್ಟು ಸೀಗೆಪುಡಿಯಿಂದಲೋ ಶಾಂಪೂವಿನಿಂದಲೋ ನಯವಾಗಿ ತೊಳೆಯಬೇಕು.

ಅಡಿಗೆಮನೆಯಲ್ಲೂ ಇದಕ್ಕೊಂದು ಸ್ಥಾನವಿದೆ. ತೊಗರಿ, ಹೆಸರು, ಕಡಲೆ ಕಾಳುಗಳನ್ನು ಬಿಸಿಲಿಗೆ ಒಣಗಿಸಿ, ಅಂಗೈಗೆ ಹರಳೆಣ್ಣೆ ಸವರಿಕೊಂಡು ಕಾಳಿಗೆ ತಿಕ್ಕಿ ಡಬ್ಬಿ ತುಂಬುವುದು ಗೃಹಿಣಿಯರು ಬಲ್ಲ ಉಪಾಯ. ಎಣ್ಣೆಯ ಪದರ ಹುಳುಗಳ ಮೊಟ್ಟೆಗಳನ್ನು ಕೆಡಿಸುತ್ತದೆ. ಅಡಿಗೆಗೆ ಮುನ್ನ ಕಾಳನ್ನು ಚೆನ್ನಾಗಿ ತೊಳೆಯಬೇಕು.

ಇನ್ನು ಒಳಗಿನ ಬಳಕೆ. ಎಣ್ಣೆ ಒಂದೇ ಆದರೂ ಇಲ್ಲಿ ಅದರ ಕೆಲಸವೇ ಬೇರೆ. ಕುಡಿದ ಹರಳೆಣ್ಣೆ ಸಣ್ಣ ಕರುಳಿನಲ್ಲಿ ಜೀರ್ಣವಾದಾಗ ರಿಸಿನೋಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಅದು ಕರುಳಿನ ಸ್ನಾಯುವಿನ ಗ್ರಾಹಕಗಳನ್ನು ಕೆರಳಿಸಿ, ಸುಮಾರು 2ರಿಂದ 6 ಗಂಟೆಗಳಲ್ಲಿ ಭೇದಿ ಮಾಡಿಸುತ್ತದೆ. ಅದೇ ಗ್ರಾಹಕಗಳು ಗರ್ಭಾಶಯದ ಸ್ನಾಯುವಿನಲ್ಲೂ ಇವೆ ಎಂಬುದನ್ನು ಜರ್ಮನಿಯ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ 2012ರಲ್ಲಿ ತೋರಿಸಿಕೊಟ್ಟರು. ಹೀಗಿರುವಾಗ ಗರ್ಭಿಣಿಯರು ಯಾರ ಮಾತಿಗೂ ಒಪ್ಪಿ ಹರಳೆಣ್ಣೆ ಕುಡಿಯಬಾರದು. ದಿನ ತುಂಬಿದೆ, ಹೆರಿಗೆ ಸಲೀಸಾಗಲಿ ಎಂಬ ಸದುದ್ದೇಶದ ಸಲಹೆಯೂ ವೈದ್ಯರ ಅನುಮತಿಯಿಲ್ಲದೆ ಸಲ್ಲದು. ತಿಂಗಳಿಗೊಮ್ಮೆ ಹೊಟ್ಟೆ ತೊಳೆಯಲೆಂದು ಶಾಲಾ ಮಕ್ಕಳಿಗೆ ಕುಡಿಸುವ ಹಳೆಯ ರೂಢಿಯೂ ಅನವಶ್ಯಕ. ಆರೋಗ್ಯವಂತ ಕರುಳಿಗೆ ತೊಳೆತ ಬೇಕಿಲ್ಲ. ಭೇದಿಯಿಂದ ಮಗುವಿನ ಮೈಯ ನೀರು ಮತ್ತು ಲವಣ ನಷ್ಟವಾಗುವುದಷ್ಟೇ ಅದರ ಫಲ.

ಎಲ್ಲಕ್ಕಿಂತ ಮಿಗಿಲಾದ ಎಚ್ಚರ ಬೇಕಾದುದು ಎಳೆಗೂಸಿನ ವಿಷಯದಲ್ಲಿ. ಸ್ನಾನಕ್ಕೆ ಮುನ್ನ ಮಗುವಿನ ಬಾಯಿಗೆ, ಮೂಗಿಗೆ ಎಣ್ಣೆಯ ಹನಿ ಬಿಡುವ ಪದ್ಧತಿ ದಕ್ಷಿಣ ಭಾರತದ ಹಲವೆಡೆ ಇದೆ. ನೀರು ಶ್ವಾಸನಾಳಕ್ಕೆ ಇಳಿದರೆ ಮಗು ಕೆಮ್ಮಿ ಹೊರಹಾಕಲು ಯತ್ನಿಸುತ್ತದೆ. ಎಣ್ಣೆ ಹಾಗಲ್ಲ. ಅದು ಕೆಮ್ಮನ್ನೂ ಬರಿಸದೆ ಸದ್ದಿಲ್ಲದೆ ಶ್ವಾಸಕೋಶಕ್ಕೆ ಜಾರಬಲ್ಲದು. ಅಲ್ಲಿ ಉಳಿದ ಎಣ್ಣೆಯಿಂದ ಉಂಟಾಗುವ ನ್ಯುಮೋನಿಯಾ ಸಾಮಾನ್ಯ ಔಷಧಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಮಕ್ಕಳ ವೈದ್ಯರು ಇಂತಹ ಪ್ರಕರಣಗಳನ್ನು ದಾಖಲಿಸಿದ್ದಾರೆ. ಮೊದಲ 6 ತಿಂಗಳು ತಾಯಿಯ ಹಾಲು ಮತ್ತು ವೈದ್ಯರು ಬರೆದುಕೊಟ್ಟ ಔಷಧಗಳನ್ನು ಬಿಟ್ಟು ಬೇರೇನೂ ಮಗುವಿನ ಬಾಯಿಗೆ ಹೋಗಬಾರದು. ಹೊಕ್ಕುಳ ಬಳ್ಳಿ ಬೀಳುವ ತನಕ ಅದನ್ನು ಸ್ವಚ್ಛವಾಗಿ, ಒಣದಾಗಿ ಇಡಬೇಕು. ಮನೆಯ ಎಣ್ಣೆ, ಅರಿಶಿನ, ಬೂದಿ ಯಾವುದೂ ಅಲ್ಲಿಗೆ ಬೇಡ. ಹರಳೆಣ್ಣೆಯ ದೀಪದ ಮಸಿಯಿಂದ ಮಾಡಿದ ಕಾಡಿಗೆಯನ್ನು ಎಳೆಯ ಕಣ್ಣಿಗೆ ತೀಡಿದರೆ ಸೋಂಕು ತಗಲಬಹುದು. ಔಷಧ ತಯಾರಕರ ಕೆಲವು ಕಣ್ಣಿನ ಹನಿಗಳಲ್ಲಿ ಹರಳೆಣ್ಣೆ ಇರುವುದು ನಿಜ. ಆದರೆ ಅದು ಕ್ರಿಮಿರಹಿತವಾಗಿ ಸಿದ್ಧಪಡಿಸಿದ್ದು. ಅಡಿಗೆಮನೆಯ ಸೀಸೆಯ ಎಣ್ಣೆ ಅಂತಹುದಲ್ಲ.

ಹಿತ್ತಲಲ್ಲಿ ಹರಳು ಗಿಡವಿರುವ ಮನೆಯವರಿಗೆ ಇನ್ನೊಂದು ಮಾತು. ಬಣ್ಣಬಣ್ಣದ ಮಚ್ಚೆಯ ಹರಳು ಬೀಜ ಮಕ್ಕಳಿಗೆ ಆಟಿಕೆಯಂತೆ ಕಾಣುತ್ತದೆ. ಅದರೊಳಗಿನ ರಿಸಿನ್ ಎಂಬ ಪ್ರೋಟೀನು ಘೋರ ವಿಷ. ಸರಿಯಾಗಿ ತೆಗೆದು ಶುದ್ಧೀಕರಿಸಿದ ಎಣ್ಣೆಯಲ್ಲಿ ಈ ವಿಷ ಉಳಿಯದು. ಅದು ಹಿಂಡಿಯಲ್ಲೇ ನಿಲ್ಲುತ್ತದೆ. ಆದ ಕಾರಣ ಹಿಂಡಿಯನ್ನು ಗೊಬ್ಬರವಾಗಿ ಬಳಸುವವರು ದನಕರುಗಳಿಗೂ ನಾಯಿಗೂ ಎಟುಕದಂತೆ ಇಡಬೇಕು. ಮಗು ಬೀಜವನ್ನು ಅಗಿದಿದೆ ಎಂಬ ಅನುಮಾನ ಬಂದರೂ ವಾಂತಿಯಾಗಲೆಂದು ಕಾಯದೆ, ಉಪ್ಪುನೀರು ಕುಡಿಸದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಆಂಬ್ಯುಲೆನ್ಸಿಗೆ ಇದೇ ಸಂಖ್ಯೆ. ಉಳಿದ ಬೀಜವನ್ನು ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಅನುಕೂಲ. ಈ ವಿಷಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲದ ಕಾರಣ ಕಾಲಹರಣ ಸಲ್ಲದು.

ಅಜ್ಜಿಯ ಸೀಸೆಯನ್ನು ಎಸೆಯಬೇಕೆಂದು ಇದರ ಅರ್ಥವಲ್ಲ. ಬಾಣಂತಿಯ ಹಿಮ್ಮಡಿಗೆ, ಅಜ್ಜಿಯ ಒರಟಾದ ಅಂಗೈಗೆ, ಹಬ್ಬದ ದಿನ ದೊಡ್ಡ ಮಕ್ಕಳ ನೆತ್ತಿಗೆ ಅದು ಇರಲಿ. ತೊಟ್ಟಿಲ ಕೂಸಿನ ಬಾಯಿ, ಮೂಗು, ಕಣ್ಣುಗಳಿಂದ ಮಾತ್ರ ದೂರವಿರಲಿ. ಬಾಣಂತನಕ್ಕೆ ಬಂದ ಹಿರಿಯರಿಗೆ ಈ ಮಾತನ್ನು ಗೌರವದಿಂದ, ಕಾರಣ ಸಹಿತವಾಗಿ ತಿಳಿಸಿದರೆ ಅವರು ಒಪ್ಪದೆ ಇರಲಾರರು. ಮಗುವಿನ ಕ್ಷೇಮ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿರುವುದು ಅವರಿಗೇ ಅಲ್ಲವೇ?